ಅಜ್ಜಿಯ ಸಿಡಿಯೂ 24 ಎಕ್ಸ್ ಡ್ರೈವೂ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ಊರು, ಮತ್ತೆ ಕೆಲಸ... ಇವತ್ತು ಬರೀತಿರೋದು ಒಂದು ಸಣ್ಣ ಜಗಳದ ಬಗ್ಗೆ. ಜಗಳ ಯಾರ ಜೊತೆ ಅಂದರೆ, ಯುಎಸ್‌ಬಿಗೆ ಸಿಕ್ಕಿಸುವ ಪುಟಾಣಿ ಡಿವಿಡಿ ಡ್ರೈವುಗಳನ್ನು "ಪರೀಕ್ಷೆ" ಮಾಡಿ ನಕ್ಷತ್ರ ಹಂಚುವ ಮಹನೀಯರ ಜೊತೆ. :)

ಯುಗಾದಿಗೆ ಕಾಮಸಮುದ್ರಕ್ಕೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಬಂಗಾರಪೇಟೆ ತಾಲ್ಲೂಕು, ಆಂಧ್ರ ತಮಿಳುನಾಡು ಎರಡೂ ಹತ್ತಿರ, ಚೆನ್ನೈ ಕಡೆಯ ದೊಡ್ಡ ರೈಲುಗಳು ನಮ್ಮನ್ನು ತಿರುಗಿಯೂ ನೋಡದೆ ಓಡಿಹೋಗುವ ಊರು. ಹಬ್ಬಕ್ಕೆ ಮನೆ ಸುಣ್ಣ ಬಳಿಯುವಾಗ ಅಟ್ಟದಿಂದ ಟ್ರಂಕು ಇಳಿಸಿದರು. ಒಳಗೆ ಸಿಡಿಗಳ ಒಂದು ಗುಂಡು ಡಬ್ಬಿ. ಅಕ್ಕನ ಮದುವೆ ವಿಡಿಯೋ, ಕಂಪ್ಯೂಟರ್ ಮ್ಯಾಗಜೀನ್ ಜೊತೆ ಪುಕ್ಕಟೆ ಬಂದಿದ್ದ ಸಿಡಿ, ಮೋಸರ್ ಬೇರ್‌ನವರು ಒಂದು ಕಾಲಕ್ಕೆ ಮೂವತ್ತು ನಲವತ್ತು ರೂಪಾಯಿಗೆ ಮಾರುತ್ತಿದ್ದ ಸಿನಿಮಾ, ನುಡಿಯಲ್ಲಿ ಟೈಪ್ ಮಾಡಿದ್ದ ನನ್ನ ಕಾಲೇಜು ದಿನಗಳ ಕವನಗಳು (ಅವು ಓದಲು ಬಾರದಿದ್ದರೆ ಕನ್ನಡಕ್ಕೆ ನಷ್ಟವೇನಿಲ್ಲ). ಎಲ್ಲಕ್ಕಿಂತ ಕೆಳಗೆ ಒಂದು ಸಿಡಿ. ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಅಜ್ಜಿ ಪದಗಳು, 2004".

ಅಜ್ಜಿ ಹಾಡುತ್ತಿದ್ದುದನ್ನು ಚಿಕ್ಕಪ್ಪ ಮೊದಲು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದ. ಸೋಬಾನೆ ಪದ, ರಾಗಿ ಬೀಸುವ ಪದ, ನಮ್ಮ ಕಡೆ ಇದ್ದ ಹಾಗೆ ಅರ್ಧ ಕನ್ನಡ, ಅರ್ಧ ತೆಲುಗು. 2004ರಲ್ಲಿ ಬಂಗಾರಪೇಟೆಯಲ್ಲಿ ಯಾರದೋ ಅಂಗಡಿಯಲ್ಲಿ ಅದನ್ನು ಎಂಪಿ3 ಮಾಡಿಸಿ ಸಿಡಿಗೆ ಬರೆಸಿದ. "ಸಿಡಿ ಅಂದ್ರೆ ನೂರು ವರ್ಷ ಇರ್ತದಂತೆ ಕಣೋ" ಅಂದಿದ್ದು ನನಗೆ ಇನ್ನೂ ನೆನಪಿದೆ. ಆ ಭರವಸೆಯ ಮೇಲೆ ಕ್ಯಾಸೆಟ್ಟಿಗೆ ಸಿನಿಮಾ ಹಾಡು ತುಂಬಿಸಿದೆವು. ಅಜ್ಜಿ ಮರುವರ್ಷ ತೀರಿಕೊಂಡಳು.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಬಾಯೇ ಇಲ್ಲವಲ್ಲ. ಬೆಂಗಳೂರಿಗೆ ವಾಪಸ್ ಬಂದು ಒಂದು ಡ್ರೈವ್ ತರಿಸಿದೆ. ಎರಡು ಸಾವಿರ ರೂಪಾಯಿ ಒಳಗೇ. ಡಬ್ಬಿಯ ಮೇಲೆ "ಡಿವಿಡಿ 8 ಎಕ್ಸ್, ಸಿಡಿ 24 ಎಕ್ಸ್". ಕೊಳ್ಳುವ ಮುಂಚೆ ಹತ್ತಾರು ವಿಮರ್ಶೆ ಓದಿದ್ದೆ, ಎಲ್ಲರೂ ಹೊಗಳಿದ್ದರು. ನಾನೂ ಒಂದು ಸಿನಿಮಾ ಡಿವಿಡಿ ಹಾಕಿ ನೋಡಿದೆ. ಸೆಕೆಂಡಿಗೆ ನಾಲ್ಕೂವರೆ ಎಂಬಿಯಿಂದ ಶುರುವಾಗಿ ಹನ್ನೊಂದರ ಹತ್ತಿರಕ್ಕೆ ಏರಿತು. ಭೇಷ್ ಅಂದುಕೊಂಡೆ.

ಇಲ್ಲೇ ಒಂದು ಮಾತು. ಡಬ್ಬಿಯ ಮೇಲಿನ ಅಂಕಿ ಸುಳ್ಳಲ್ಲ, ಆದರೆ ಅದು ಡ್ರೈವು ಮುಟ್ಟಬಹುದಾದ ತುದಿ ಅಷ್ಟೇ. ಸಿಡಿಯಲ್ಲಿ 1 ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 150 ಕೆಬಿ, ಡಿವಿಡಿಯಲ್ಲಿ ಸುಮಾರು 1,385 ಕೆಬಿ. ತಟ್ಟೆ ಒಂದೇ ಸಮನೆ ತಿರುಗುವಾಗ ಹೊರ ಅಂಚು ಲೇಸರಿನ ಕೆಳಗೆ ಜೋರಾಗಿ ಓಡುತ್ತದೆ, ಒಳಗಿನ ಸುತ್ತು ನಿಧಾನ. ಬರೆಯೋದು ಒಳಗಿನಿಂದ ಹೊರಕ್ಕೆ. ಹಾಗಾಗಿ 24 ಎಕ್ಸ್ ಸಿಗೋದು ಪೂರ್ತಿ ತುಂಬಿದ ಸಿಡಿಯ ಕಟ್ಟಕಡೆಯ ಅಂಚಿನಲ್ಲಿ ಮಾತ್ರ. ಒಳಗಡೆ ಹತ್ತು ಎಕ್ಸ್ ಆಸುಪಾಸು. ಅಜ್ಜಿಯ ಸಿಡಿಯಲ್ಲಿ ಇದ್ದದ್ದು 180 ಎಂಬಿ. ಅಂದರೆ ರಂಧ್ರದ ಸುತ್ತಲಿನ ಒಂದು ಉಂಗುರ. ಹೇಗೇ ಓದಿದರೂ ಒಂದೂವರೆ, ಎರಡು ನಿಮಿಷದ ಕೆಲಸ.

ಹಾಕಿದೆ. ಮೂರು ಹಾಡು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ನಿಂತಿತು. ತಟ್ಟೆ ಏಳುತ್ತದೆ, ಬೀಳುತ್ತದೆ, ಏಳುತ್ತದೆ. ಫೋನಿನಲ್ಲಿದ್ದ ಅಮ್ಮ "ಏನೋ ಅದು, ಕರ್ ಕರ್ ಅಂತೈತೆ?" ಅಂದಳು. ಏನಿಲ್ಲಮ್ಮ ಅಂದೆ. ಇಪ್ಪತ್ತು ನಿಮಿಷ ಆದಮೇಲೆ ಕಂಪ್ಯೂಟರು ಕೈ ಚೆಲ್ಲಿತು.

ಮೊದಲು ಅನುಮಾನ ಬಂದದ್ದು ಕರೆಂಟಿನ ಮೇಲೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್. ತಟ್ಟೆಯನ್ನು ನಿಂತ ಜಾಗದಿಂದ ತಿರುಗಿಸುವ ಗಳಿಗೆಯಲ್ಲಿ ಈ ಡ್ರೈವುಗಳು ಅದಕ್ಕಿಂತ ಹೆಚ್ಚು ಕೇಳುವುದುಂಟು. ಕೆಲವಕ್ಕೆ ಎರಡು ತಲೆಯ ಕೇಬಲ್ ಬರುವುದು ಅದಕ್ಕೇ. ನಾನು ಮೌಸು ಕೀಬೋರ್ಡು ಎಲ್ಲ ಸಿಕ್ಕಿಸಿದ್ದ ಹಬ್ಬಿಗೇ ಇದನ್ನೂ ಸಿಕ್ಕಿಸಿದ್ದೆ. ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಮುಂದಿನ ಹಾಡುಗಳು ಬಂದವು. ನಾಲ್ಕು, ಐದು, ಆರು ಮಾತ್ರ ಇಲ್ಲ.

ಆಮೇಲೆ ಸಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚಿಕ್ಕಪ್ಪ ಹೆಸರು ಬರೆದದ್ದು ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ, ರಂಧ್ರದ ಪಕ್ಕದಲ್ಲೇ. "ಅಜ್ಜಿ" ಅನ್ನೋ ಅಕ್ಷರಗಳ ಗೆರೆಯಲ್ಲಿ ಬೆಳಕು ತೂರಿ ಬರುತ್ತಿತ್ತು.

ನಾವೆಲ್ಲ ಸಿಡಿಯ ಹೊಳೆಯುವ ಕೆಳಮೈಯನ್ನು ಮಗುವಿನ ಹಾಗೆ ಜೋಪಾನ ಮಾಡಿದೆವು, ಹೆಸರು ಬರೆಯುವ ಮೇಲ್ಮೈಯನ್ನು ಅಂಗಡಿ ಚೀಟಿಯ ಹಾಗೆ ಬಳಸಿದೆವು. ಇರುವ ಸಂಗತಿ ಉಲ್ಟಾ. ಸಿಡಿ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕು, ಬೆಳಕನ್ನು ಹಿಂದಕ್ಕೆ ಕಳಿಸುವ ಲೋಹದ ಪದರ ಇರೋದು ಮೇಲ್ಗಡೆ, ತೆಳ್ಳನೆಯ ವಾರ್ನಿಶ್ಶಿನ ಕೆಳಗೆ. ಕೆಳಗಿನ ಗೀರನ್ನು ತಿಕ್ಕಿ ನುಣುಪು ಮಾಡಬಹುದು, ಮೇಲಿನದು ಹೋದರೆ ಹೋಯಿತು. (ಡಿವಿಡಿಯಲ್ಲಿ ಆ ಪದರ ಎರಡು ಹಾಳೆಗಳ ನಡುವೆ ಇರುತ್ತೆ, ಅಷ್ಟರ ಮಟ್ಟಿಗೆ ಕ್ಷೇಮ.) ಸಿಡಿಯ ತಪ್ಪು ತಿದ್ದುವ ಲೆಕ್ಕಾಚಾರ ಬಲು ಜಾಣತನದ್ದು, ಹಾದಿಯುದ್ದಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಅಳಿಸಿಹೋದರೂ ಸುತ್ತಲಿನದನ್ನು ನೋಡಿ ಅದು ತುಂಬಿಕೊಳ್ಳಬಲ್ಲದು. ನಮ್ಮ ಚಿಕ್ಕಪ್ಪನ "ಜ್ಜಿ" ಅದಕ್ಕಿಂತ ಅಗಲ!

ಈಗ ನನ್ನ ಜಗಳಕ್ಕೆ ಬರ್ತೀನಿ. ಈ ಕಾಲದಲ್ಲಿ ಇಂಥ ಡ್ರೈವ್ ಕೊಳ್ಳುವವರು ಯಾರು? ಹೊಸ ಸಾಫ್ಟ್‌ವೇರು ಸಿಡಿಯಲ್ಲಿ ಬರಲ್ಲ, ಸಿನಿಮಾ ಯಾರೂ ಡಿವಿಡಿಯಲ್ಲಿ ನೋಡಲ್ಲ. ಮೋಸರ್ ಬೇರ್ ಕಂಪನಿಯೇ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ಸೋನಿ 2025ರ ಫೆಬ್ರವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ಕೊಳ್ಳುವವರು ಬಹುತೇಕ ನನ್ನಂಥವರೇ, ಟ್ರಂಕಿನಲ್ಲಿ ಸಿಕ್ಕ ಹಳೇ ತಟ್ಟೆ ಓದಬೇಕಾದವರು. ಆದರೆ ಪರೀಕ್ಷೆ ಮಾಡುವವರು ಹಾಕೋದು ಕಾರ್ಖಾನೆಯಲ್ಲಿ ಅಚ್ಚೊತ್ತಿದ, ಗೀರಿಲ್ಲದ ತಟ್ಟೆ. ಹೊರಬರೋದು ಒಂದು ಚಂದದ ಏರುಗೆರೆ. ಅದರಿಂದ ನನಗೇನು ಗೊತ್ತಾಯ್ತು? ಟಾರು ರಸ್ತೆಯಲ್ಲಿ ಓಡಿಸಿ ನೋಡಿ ಗದ್ದೆಗೆ ಎತ್ತಿನಗಾಡಿ ಕೊಂಡ ಹಾಗಾಯ್ತು.

ಬರೆದ ಸಿಡಿಯ ಕಥೆಯೇ ಬೇರೆ. ಅದರಲ್ಲಿ ಅಚ್ಚಿನ ಗುಳಿಗಳಿಲ್ಲ, ಲೇಸರು ಸುಟ್ಟ ಬಣ್ಣದ ಕಲೆಗಳಿವೆ. ಬಿಸಿಲು, ಸೆಕೆ, ಸುಣ್ಣದ ಧೂಳು ತಿಂದ ಇಪ್ಪತ್ತು ವರ್ಷದ ಮೇಲೆ ಆ ಕಲೆಗೂ ಕಲೆಯಿಲ್ಲದ ಜಾಗಕ್ಕೂ ವ್ಯತ್ಯಾಸ ಮಸುಕಾಗಿರುತ್ತದೆ. ಆಗ ಬೇಕಾದದ್ದು ವೇಗವಲ್ಲ, ತಾಳ್ಮೆ. ಓದಲಾರದ ಜಾಗ ಬಂದಾಗ ಡ್ರೈವು ಎಷ್ಟು ಬೇಗ ವೇಗ ಇಳಿಸುತ್ತೆ, ಎಷ್ಟು ಸಲ ಮತ್ತೆ ಪ್ರಯತ್ನಿಸುತ್ತೆ, ಸೋತರೆ ಸೋತೆ ಅಂತ ಹೇಳುತ್ತೋ ಇಲ್ಲಾ ಇಡೀ ಕಂಪ್ಯೂಟರನ್ನೇ ನೇತುಹಾಕುತ್ತೋ... ನನ್ನ ಪ್ರಕಾರ "ಓದುವ ಸಾಮರ್ಥ್ಯ" ಅಂದರೆ ಇದು. ನಾನು ಹುಡುಕಿದ ಒಂದು ವಿಮರ್ಶೆಯಲ್ಲೂ ಇದರ ಸುದ್ದಿಯಿಲ್ಲ.

ಇನ್ನೊಂದು ಮೋಸ, ಇದರಲ್ಲಿ ನಾನೂ ಬಿದ್ದೆ. ಎರಡನೇ ಸಲ ಅದೇ ಫೈಲನ್ನು ಕಾಪಿ ಮಾಡಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆಹಾ ಡ್ರೈವು ಬಿಸಿಯಾಗಿ ಚುರುಕಾಯ್ತು ಅಂದುಕೊಂಡೆ! ಅದು ಬಂದದ್ದು ತಟ್ಟೆಯಿಂದಲ್ಲ, ಕಂಪ್ಯೂಟರಿನ ನೆನಪಿನಿಂದ. ಪ್ರತಿ ಸಲ ತಟ್ಟೆ ಹೊರತೆಗೆದು ಹಾಕಿ ಅಳೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಗೆಳೆಯನೊಬ್ಬ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವನ ಹತ್ತಿರ ಸಿಡಿ ಹಿಡಿದುಕೊಂಡು ಹೋದೆ. "ನಿನ್ನೊಬ್ಬನದಲ್ಲ ಗುರೂ" ಅಂದ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಚದುರಿದ ಮನೆಗಳಿಂದ ಅವನಿಗೆ ಆಗಾಗ ಇಂಥವು ಬರುತ್ತವಂತೆ. ಸ್ಟುಡಿಯೋದವರು ಬರೆದುಕೊಟ್ಟ ಫೋಟೋ ಸಿಡಿ, ಚರ್ಚಿನ ಹಬ್ಬ, ಮದುವೆ, ಹಿಂದೆ ಎಲ್ಲೋ ಗಣಿಯ ಶಾಫ್ಟಿನ ಗೋಪುರ. ಅವನು ಮೂಲೆಯಿಂದ ಹಳೇ ಡೆಸ್ಕ್‌ಟಾಪಿನ ದಪ್ಪ ಡ್ರೈವು ತೆಗೆದ. ಬೂದುಬಣ್ಣ, ಬಾಗಿಲು ತೆರೆಯಲು ಮೇಲೊಂದು ಗುದ್ದು ಬೇಕು. ಮೊದಲು ನನ್ನ ಸಿಡಿ ಮುಟ್ಟಲಿಲ್ಲ. ಅದೇ ವಯಸ್ಸಿನ, ಯಾರಿಗೂ ಬೇಡದ ಒಂದು ಬರೆದ ಸಿಡಿ ಹಾಕಿ ಪೂರ್ತಿ ಓದಿಸಿದ, ಎಷ್ಟು ಜಾಗ ತಪ್ಪಿತು ನೋಡಿದ. ಆಮೇಲೆ ನನ್ನ ಪುಟಾಣಿ ಡ್ರೈವಿಗೂ ಅದೇ ತಟ್ಟೆ. ಹತ್ತು ನಿಮಿಷದ ಪರೀಕ್ಷೆ, ನಾನು ಓದಿದ ಎಲ್ಲಾ ವಿಮರ್ಶೆಗಿಂತ ಹೆಚ್ಚು ಹೇಳಿತು. ಒಂದು ಡ್ರೈವು ಎಡವಿದ ಜಾಗದಲ್ಲಿ ಇನ್ನೊಂದು ಎಡವುತ್ತಿರಲಿಲ್ಲ. ಹಾಗೆಂದು ಹಳೆಯದೇ ಎಲ್ಲದರಲ್ಲೂ ಮೇಲು ಅಂತಲೂ ಅಲ್ಲ.

ಇದರಿಂದಲೇ ಹೊಳೆದ ಉಪಾಯ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಪುಕ್ಕಟೆ ತಂತ್ರಾಂಶವಿದೆ. ಅದು ಫೈಲು ನೋಡಲ್ಲ, ತಟ್ಟೆಯನ್ನು 2,048 ಬೈಟುಗಳ ಸೆಕ್ಟರುಗಳಾಗಿ ನೋಡುತ್ತೆ. ಮೊದಲು ಸುಲಭವಾಗಿ ಬರುವುದನ್ನೆಲ್ಲ ಎತ್ತಿಟ್ಟುಕೊಂಡು, ಬಾರದ್ದಕ್ಕೆ ನಕ್ಷೆಯೊಂದರಲ್ಲಿ ಗುರುತು ಹಾಕಿ, ಕೊನೆಗೆ ಅವುಗಳ ಬೆನ್ನು ಬೀಳುತ್ತೆ. ಅದೇ ನಕ್ಷೆ ಇಟ್ಟುಕೊಂಡು ಬೇರೆ ಡ್ರೈವಿನಿಂದ ಮುಂದುವರಿಸಿದರೆ, ಇದು ಬಿಟ್ಟದ್ದನ್ನು ಅದು ತುಂಬುತ್ತೆ. ವೇಗವನ್ನು 4 ಎಕ್ಸ್‌ಗೆ ಇಳಿಸಿ ಕೂತೆವು.

ಲೆಕ್ಕ ಹೇಳ್ತೀನಿ ಕೇಳಿ. ನನ್ನ ಹೊಸ ಡ್ರೈವು ಕೈಬಿಟ್ಟದ್ದು 1,640 ಸೆಕ್ಟರು. ಹಾಡುಗಳಿರೋದು 128 ಕೆಬಿಪಿಎಸ್ ಎಂಪಿ3ಯಲ್ಲಿ, ಅಂದರೆ ಒಂದು ಸೆಕ್ಟರು ಹೋದರೆ ಅಜ್ಜಿಯ ದನಿಯಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗ ಹೋಯಿತು. 1,640 ಅಂದರೆ ಮೂರೂವರೆ ನಿಮಿಷ. ಹಳೇ ಡ್ರೈವು ಎರಡೂವರೆ ಗಂಟೆ ಹೆಣಗಿ ಅದನ್ನು 212ಕ್ಕೆ ತಂದಿತು. ಇಪ್ಪತ್ತೇಳು ಸೆಕೆಂಡು. ಕಾಯುತ್ತಾ ಕೂತಾಗ ಗೆಳೆಯ, ಇದೇ ಕೆಜಿಎಫ್ ಗಣಿಯಲ್ಲಿ ಎರಡು ಕಿಲೋಮೀಟರಿಗಿಂತ ಆಳದಲ್ಲಿ ಉಪಕರಣ ಇಟ್ಟು ವಿಜ್ಞಾನಿಗಳು 1965ರಲ್ಲಿ ನ್ಯೂಟ್ರಿನೋ ಹಿಡಿದದ್ದನ್ನು ನೆನಪಿಸಿದ. ಒಂದೊಂದು ಕುರುಹಿಗೂ ಅವರು ವಾರಗಟ್ಟಲೆ ಕಾದವರು. ಒಂದು ಸೆಕ್ಟರಿಗೆ ನಿನಗೆ ಎರಡೂವರೆ ಗಂಟೆ ಕಾಯೋಕಾಗಲ್ವಾ ಅಂದ. :)

"ಇಷ್ಟೆಲ್ಲಾ ಯಾಕೆ, ದುಡ್ಡು ಕೊಟ್ಟರೆ ಮಾಡಿಕೊಡೋರಿದಾರೆ" ಅಂತ ಆಫೀಸಿನಲ್ಲಿ ಹೇಳಿದರು. ಇರಬಹುದು. ಆದರೆ ಅವರೂ ಯಾವುದೋ ಒಂದು ಡ್ರೈವಿಗೇ ಹಾಕಬೇಕಲ್ಲ? ಯಾವ ಡ್ರೈವು, ಎಷ್ಟು ಸೆಕ್ಟರು ಬಿಟ್ಟಿತು ಅಂತ ಕೇಳಿ ನೋಡಿ. "ಬರಲಿಲ್ಲ ಸಾರ್, ಸಿಡಿ ಸತ್ತಿದೆ" ಅನ್ನೋ ಉತ್ತರಕ್ಕೆ ನಾನು ಮೊದಲ ದಿನವೇ ಒಪ್ಪಿದ್ದರೆ ಮೂರು ಹಾಡು ಕಸದ ಬುಟ್ಟಿಗೆ. ನೀವು ಡ್ರೈವ್ ಕೊಂಡು ಅದರ ಬಗ್ಗೆ ಬರೆಯೋರಾದರೆ ದಯವಿಟ್ಟು ಆ ಹೊಸ ಸಿನಿಮಾ ತಟ್ಟೆ ಬದಿಗಿಡಿ. ಮನೆಯಲ್ಲಿರೋ ಅತಿ ಕೆಟ್ಟ, ಬೇಡವಾದ, ಬರೆದ ಸಿಡಿ ಹುಡುಕಿ ಹಾಕಿ. ಒಳಗಿನಿಂದ ಹೊರಗಿನವರೆಗೆ ಪೂರ್ತಿ ಓದಿಸಿ. ಎಷ್ಟು ಹೊತ್ತು, ಎಷ್ಟು ಸೆಕ್ಟರು ತಪ್ಪಿತು, ಎರಡು ಸಾಲು ಸಾಕು. ರಂಧ್ರದ ಹತ್ತಿರ ಬಿರುಕು ಬಿಟ್ಟ ತಟ್ಟೆ ಮಾತ್ರ ಬೇಡ, ವೇಗದಲ್ಲಿ ಸಿಡಿದರೆ ಡ್ರೈವೂ ಇಲ್ಲ, ತಟ್ಟೆಯೂ ಇಲ್ಲ.

ಶನಿವಾರ ಊರಿಗೆ ಹೋದಾಗ ಅಮ್ಮನಿಗೆ ಐದನೇ ಹಾಡು ಕೇಳಿಸಿದೆ. ಬಿಕ್ಕಳಿಕೆ ಬಂದವರು ಹಾಡಿದ ಹಾಗೆ ಅಲ್ಲಲ್ಲಿ ತುಂಡಾಗುತ್ತೆ. ನಡುವೆ ಒಂದು ಕಡೆ ಅಜ್ಜಿ ಹಾಡು ನಿಲ್ಲಿಸಿ ಯಾರಿಗೋ ಏನೋ ಹೇಳುತ್ತಾಳೆ, ಹಿಂದೆ ರೈಲಿನ ಸದ್ದು. "ಬಾಗಿಲು ಹಾಕು, ರೈಲು ಬತ್ತೈತೆ, ಲೇ..." ಆಮೇಲೆ ಒಂದು ತುಂಡು ಇಲ್ಲ. ಆ "ಲೇ" ಆದಮೇಲಿನ ಹೆಸರು ಯಾರದು ಅಂತ ಮನೆಯಲ್ಲಿ ಈಗ ಜಗಳ. ಅಮ್ಮ ಚಿಕ್ಕಪ್ಪನದು ಅಂತಾಳೆ, ಅಕ್ಕ ತನ್ನದು ಅಂತಾಳೆ. ಗೆಳೆಯ ಇನ್ನೊಂದು ಹಳೇ ಡ್ರೈವು ಹುಡುಕಿಟ್ಟಿದ್ದಾನಂತೆ. ಮುಂದಿನ ಭಾನುವಾರ ಮತ್ತೆ ರಾಬರ್ಟ್‌ಸನ್‌ಪೇಟೆಗೆ ಹೊರಟಿದ್ದೇನೆ.