ವರವೂ ವಿನಯವೂ

ಪರೀಕ್ಷೆಯಲ್ಲಿ ಮೊದಲನೆಯವಳಾದ ಬಾಲಕಿಯನ್ನು ನಾವು ಮೆಚ್ಚಿ ಮಾತಾಡಿದರೆ, ಅವಳು "ನನಗೇನೂ ಬಾರದು, ಅಮ್ಮಾ" ಎಂದು ತಲೆತಗ್ಗಿಸುವುದುಂಟು. ಇದನ್ನು ನಾವು ವಿನಯವೆಂದು ಒಪ್ಪಲಾರೆವು. ಪಡೆದ ವರವನ್ನು ಇಲ್ಲವೆನ್ನುವುದು ಕೊಟ್ಟಾತನಿಗೆ ಸಲ್ಲಿಸುವ ಮರ್ಯಾದೆಯಲ್ಲ.

ಜರ್ಮನಿಯ ಸಂಗೀತಗಾರನಾದ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ತನ್ನ ಅನೇಕ ಹಸ್ತಪ್ರತಿಗಳ ಕೊನೆಯಲ್ಲಿ, 'ದೇವರೊಬ್ಬನಿಗೇ ಮಹಿಮೆ' ಎಂಬರ್ಥದ ಲ್ಯಾಟಿನ್ ಮಾತಿನ ಮೂರು ಮೊದಲಕ್ಷರಗಳನ್ನು ಬರೆಯುತ್ತಿದ್ದನು. ಆದರೆ ಅವನ್ನು ಬರೆದದ್ದು ಕೃತಿಯು ಪೂರ್ಣವಾದ ಮೇಲೆ. ಸಭೆಯ ಆರಾಧನೆಗಾಗಿ ಅವನು ರಚಿಸಿದ ಕ್ಯಾಂಟಾಟಗಳೇ ಸುಮಾರು 200 ಉಳಿದಿವೆ. ಮಹಿಮೆಯನ್ನು ದೇವರಿಗೊಪ್ಪಿಸಿದವನು ದುಡಿಮೆಯನ್ನು ತಾನೇ ಹೊತ್ತನು.

ಪ್ರಿಯ ಬಾಲಕಿಯರೇ, ನಿಮ್ಮ ತಲಾಂತನ್ನು ಮಣ್ಣಿನಲ್ಲಿ ಹೂಣಿಡಬೇಡಿರಿ. ಬಲ್ಲುದನ್ನು ಬಲ್ಲೆವೆನ್ನಿರಿ, ಕೊಟ್ಟಾತನನ್ನು ಸ್ತುತಿಸಿರಿ, ಹಿಂದುಳಿದ ಗೆಳತಿಗೂ ಕಲಿಸಿರಿ.