ಹಿಂದೆ ಉರುಳುವ ಕಾರಿಗೂ ಬ್ರೇಕ್ ಬೇಕು

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಡುವ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗ ಹೊಕ್ಕು ಹೊರಬರುವಾಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನವರೆಗೆ ಬರೀ ಇಳಿಜಾರು. ಕಡಿದಾದ ಕಡೆಗಳಲ್ಲಿ ನೂರು ಮೀಟರ್ ಸಾಗಿದರೆ ಏಳು ಮೀಟರ್ ಕೆಳಗಿಳಿದಿರುತ್ತೀರಿ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿ ಸುರಿದ ಏರುದಾರಿಗಳನ್ನೂ ಮಾಡಿಟ್ಟಿದ್ದಾರೆ. ಬೇಸಿಗೆ ರಜೆ ಬಂತೆಂದರೆ ಈ ದಾರಿಯಲ್ಲಿ ಮೋಟರ್‌ಹೋಮ್‌ಗಳು ಹೆಚ್ಚುತ್ತವೆ. ಅಡುಗೆಮನೆ, ಹಾಸಿಗೆ, ಸ್ನಾನದ ಮನೆ ಎಲ್ಲವನ್ನೂ ಹೊತ್ತ ಬಸ್ಸಿನ ಗಾತ್ರದ ವಾಹನ ಮುಂದೆ, ಉಕ್ಕಿನ ಟೋ ಬಾರ್‌ಗೆ ಸಿಕ್ಕಿಸಿದ ಜೀಪ್ ರ್‍ಯಾಂಗ್ಲರೋ ಹೋಂಡಾ ಸಿಆರ್‌-ವಿಯೋ ಹಿಂದೆ. ಕಾರಿನ ನಾಲ್ಕು ಚಕ್ರಗಳೂ ನೆಲದ ಮೇಲೆ ಉರುಳುತ್ತಿರುತ್ತವೆ, ಒಳಗೆ ಯಾರೂ ಇರುವುದಿಲ್ಲ.

ಮುಂದಿನ ಚಾಲಕ ಬ್ರೇಕ್ ಒತ್ತಿದಾಗ ಆ ಕಾರಿನ ಬ್ರೇಕ್ ಹಿಡಿಯುತ್ತದೆಯೇ?

ತಾನಾಗಿ ಹಿಡಿಯುವುದಿಲ್ಲ. ಟೋ ಬಾರ್ ಕಾರನ್ನು ಎಳೆಯುತ್ತದೆ, ವೈರುಗಳು ಅದರ ಹಿಂಬದಿಯ ದೀಪಗಳನ್ನು ಬೆಳಗಿಸುತ್ತವೆ, ಅಷ್ಟೇ. ಬ್ರೇಕ್ ಹಿಡಿಯಬೇಕೆಂದರೆ ಅದಕ್ಕೆಂದೇ ಇನ್ನೊಂದು ವ್ಯವಸ್ಥೆ ಕೂರಿಸಬೇಕು. ಅದು ಬೇಕೇ, ಬೇಕಾದರೆ ಯಾವುದು ಎಂಬ ಚರ್ಚೆ ಉತ್ತರ ಅಮೆರಿಕದಲ್ಲಿ ವರ್ಷಗಳಿಂದ ನಡೆದಿದೆ. ಮೊದಲ ಪ್ರಶ್ನೆಯನ್ನು ಚರ್ಚೆಗೆ ಬಿಡುವುದೇ ತಪ್ಪು.

ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿರುವ ಎರಡು ಟನ್ ತೂಕದ ಕಾರಿನಲ್ಲಿ ಸುಮಾರು 8.5 ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ಕಾರಿನ ಸ್ವಂತ ಬ್ರೇಕ್ ಕೆಲಸ ಮಾಡದಿದ್ದರೆ ಅಷ್ಟನ್ನೂ ಮೋಟರ್‌ಹೋಮ್‌ನ ಬ್ರೇಕುಗಳೇ ಶಾಖವಾಗಿ ಕರಗಿಸಬೇಕು. ಘಾಟಿಯಲ್ಲಿ ಹೊರೆ ಇನ್ನೂ ಹೆಚ್ಚು. ಏಳು ಪ್ರತಿಶತ ಇಳಿಜಾರಿನಲ್ಲಿ ಒಂದು ಕಿಲೋಮೀಟರ್ ಸಾಗಿದರೆ ಎಪ್ಪತ್ತು ಮೀಟರ್ ಇಳಿದಂತಾಯಿತು. ಆ ಇಳಿತದಲ್ಲಿ ಅದೇ ಕಾರು ಬಿಟ್ಟುಕೊಡುವ ಶಕ್ತಿ 13 ಲಕ್ಷ ಜೂಲ್ ದಾಟುತ್ತದೆ. ಗಾಳಿಯ ತಡೆ, ಎಂಜಿನ್‌ನ ತಡೆ ಒಂದು ಪಾಲನ್ನು ನುಂಗುತ್ತವೆ, ನಿಜ. ಉಳಿದದ್ದು ಬ್ರೇಕ್ ಡ್ರಮ್ಮು ಡಿಸ್ಕುಗಳ ಪಾಲು. ಬಿಸಿಯಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ ಎಂಬುದನ್ನು ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಇಳಿಸಿದವರಿಗೆ ಹೇಳಿಕೊಡಬೇಕಿಲ್ಲ.

"ನಮ್ಮದು ಹತ್ತು ಟನ್ನಿನ ಗಾಡಿ, ಪುಟ್ಟ ಕಾರು ಹಿಂದಿರುವುದು ಗೊತ್ತೇ ಆಗುವುದಿಲ್ಲ" ಎನ್ನುವವರಿದ್ದಾರೆ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ನಿಲ್ಲಿಸುವಾಗ ಅದು ನಿಜವೂ ಹೌದು. ಮುಂದೆ ಜಿಂಕೆ ಹಾರಿದಾಗ, ಮಳೆಯಲ್ಲಿ ತಿರುವಿನ ನಡುವೆ ಸಂಚಾರ ಥಟ್ಟನೆ ನಿಂತಾಗ ಅದು ನಿಜವಲ್ಲ. ಎರಡು ಟನ್ ಹೆಚ್ಚು ಭಾರ ಎಂದರೆ ನಿಲ್ಲಿಸಲು ಐದನೇ ಒಂದು ಪಾಲು ಹೆಚ್ಚು ಶಕ್ತಿ. ತಿರುವಿನಲ್ಲಿ ಬ್ರೇಕ್ ಇಲ್ಲದ ಕಾರು ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ನೂಕುತ್ತದೆ. ಅದಕ್ಕೇ ಮೋಟರ್‌ಹೋಮ್ ಚಾಸಿ ತಯಾರಿಸುವ ಕಂಪನಿಗಳ ಕೈಪಿಡಿಗಳು, ಒಂದು ಮಿತಿ ದಾಟಿದ ತೂಕವನ್ನು ಎಳೆಯುವುದಾದರೆ ಅದಕ್ಕೆ ಪ್ರತ್ಯೇಕ ಬ್ರೇಕ್ ಇರಲಿ ಎನ್ನುತ್ತವೆ. ಆ ಮಿತಿ ಸಾಮಾನ್ಯವಾಗಿ ರಸ್ತೆಯ ಮೇಲಿನ ಹೆಚ್ಚಿನ ಕಾರುಗಳ ತೂಕಕ್ಕಿಂತ ಕಡಿಮೆ.

ಕಾನೂನು ಮಾತ್ರ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಹಲವು ರಾಜ್ಯಗಳು ಎಳೆಯುವ ಭಾರ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ದಾಟಿದರೆ ಬ್ರೇಕ್ ಕಡ್ಡಾಯ ಎನ್ನುತ್ತವೆ. ಕೆಲವು ರಾಜ್ಯಗಳ ಗೆರೆ ಅದಕ್ಕಿಂತ ಕೆಳಗಿದೆ, ಕೆಲವುಗಳದ್ದು ಮೇಲಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾರಿನ ತೂಕ 2,000 ಕಿಲೋ ದಾಟಿದರೆ, ಇಲ್ಲವೇ ಮೋಟರ್‌ಹೋಮ್‌ನ ತೂಕದ ಶೇ 40ನ್ನು ಮೀರಿದರೆ ಬ್ರೇಕ್ ಬೇಕು. ಬ್ರಿಟನ್ ಈ ವಿಷಯದಲ್ಲಿ ನೇರವಾಗಿದೆ: ಹಾಗೆ ಕಟ್ಟಿ ಎಳೆಯುವ ಕಾರು ಟ್ರೇಲರ್ ಎಂದೇ ಲೆಕ್ಕ, 750 ಕಿಲೋ ದಾಟಿದ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ರಾಜ್ಯದ ಗಡಿ ದಾಟಿದೊಡನೆ ಗುರುತ್ವಾಕರ್ಷಣೆ ಬದಲಾಗುವುದಿಲ್ಲ. ಆದ್ದರಿಂದ ಅತಿ ಸಡಿಲ ಕಾನೂನನ್ನು ಹುಡುಕಿ ಅದರ ನೆರಳಲ್ಲಿ ನಿಲ್ಲುವುದು ಯಾವ ಚಾಲಕನಿಗೂ ಸಲ್ಲದು.

ಇನ್ನು ಆಯ್ಕೆಯ ಮಾತು. ಎಳೆಯುವಾಗ ಕಾರಿನ ಎಂಜಿನ್ ಆರಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಪೆಡಲ್ ಹಗುರವಾಗಿರಲು ಕಾರಣ ಎಂಜಿನ್‌ನ ವ್ಯಾಕ್ಯೂಮ್ ಬಳಸುವ ಬೂಸ್ಟರ್. ಎಂಜಿನ್ ಆರಿದ ಮೇಲೆ ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ. ಹಾಗಾಗಿ ಬ್ರೇಕ್ ವ್ಯವಸ್ಥೆ ಗಟ್ಟಿ ಪೆಡಲನ್ನು ಜೋರಾಗಿ ಒತ್ತಬೇಕು, ಇಲ್ಲವೇ ತಾನೇ ವ್ಯಾಕ್ಯೂಮ್ ಒದಗಿಸಬೇಕು. ಎಂಜಿನ್ ಆರಿದರೂ ಬೂಸ್ಟರ್‌ಗೆ ಶಕ್ತಿ ಸಿಗುವ ಹೈಬ್ರಿಡ್‌ನಂಥ ಕಾರುಗಳಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಅದೇ ಜೋರಿನಿಂದ ಒತ್ತಿದರೆ ಚಕ್ರಗಳೇ ಲಾಕ್ ಆದಾವು. ಕಾರು ಯಾವ ಜಾತಿಯದ್ದೆಂದು ತಿಳಿಯದೆ ಬ್ರೇಕ್ ಕೊಳ್ಳುವಂತಿಲ್ಲ.

ಅಂಗಡಿಯಲ್ಲಿ ಸಿಗುವವುಗಳನ್ನು ಎರಡು ಗುಂಪಾಗಿ ನೋಡಬಹುದು. ಒಂದು, ಚಾಲಕನ ಸೀಟಿನ ಮುಂದೆ ಇಡುವ ಪೆಟ್ಟಿಗೆ. ಬ್ರೇಕ್ ಬಡಿ, ಬ್ಲೂ ಆಕ್ಸ್‌ನ ಪೇಟ್ರಿಯಟ್, ಆರ್‌ವಿಐ ಬ್ರೇಕ್ ಇವೆಲ್ಲ ಈ ಸಾಲಿನವು. ವೇಗ ಕುಗ್ಗಿದ್ದನ್ನು ಒಳಗಿನ ಸಂವೇದಕ ಗುರುತಿಸುತ್ತದೆ, ಒಂದು ತೋಳು ಪೆಡಲ್ ಒತ್ತುತ್ತದೆ. ಕಾರು ಬದಲಾದರೆ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋಗಬಹುದು. ಇನ್ನೊಂದು, ಕಾರಿನೊಳಗೇ ಶಾಶ್ವತವಾಗಿ ಕೂರಿಸುವುದು. ಏರ್ ಬ್ರೇಕ್ ಇರುವ ದೊಡ್ಡ ಡೀಸೆಲ್ ಗಾಡಿಗಳಿಗೆ ಡೆಮ್ಕೊದ ಏರ್ ಫೋರ್ಸ್ ಒನ್ ಹೊಂದುತ್ತದೆ. ಮುಂದಿನ ಗಾಡಿಯ ಬ್ರೇಕ್ ಎಷ್ಟು ಗಾಳಿಯೊತ್ತಡದಲ್ಲಿ ಹಿಡಿಯುತ್ತದೋ ಅದಕ್ಕೆ ತಕ್ಕಷ್ಟೇ ಹಿಂದಿನ ಕಾರಿನದೂ ಹಿಡಿಯುತ್ತದೆ. ಏರ್ ಬ್ರೇಕ್ ಇಲ್ಲದ ಗಾಡಿಗಳಿಗೆ ರೋಡ್‌ಮಾಸ್ಟರ್‌ನ ಇನ್ವಿಸಿಬ್ರೇಕ್ ಥರದವಿವೆ. ರೆಡಿಬ್ರೇಕ್ ಇವೆಲ್ಲಕ್ಕಿಂತ ಸರಳ: ಕಾರು ಮುಂದಕ್ಕೆ ನೂಕಿದಾಗ ಟೋ ಬಾರ್‌ನಲ್ಲಿರುವ ಭಾಗ ಒತ್ತಿಕೊಂಡು ಕೇಬಲ್ ಎಳೆಯುತ್ತದೆ, ಕೇಬಲ್ ಪೆಡಲನ್ನು ಎಳೆಯುತ್ತದೆ. ಅದಕ್ಕೆ ಕರೆಂಟೂ ಬೇಡ.

ಪೆಟ್ಟಿಗೆಯ ನಿಜವಾದ ದೌರ್ಬಲ್ಯ ಇರುವುದು ಯಂತ್ರದಲ್ಲಲ್ಲ, ಮನುಷ್ಯರಲ್ಲಿ. ಪ್ರತಿ ಸಲ ಸೀಟು ಹಿಂದೆ ಸರಿಸಿ, ಪೆಟ್ಟಿಗೆ ಇಟ್ಟು, ತೋಳನ್ನು ಪೆಡಲ್‌ಗೆ ಸಿಕ್ಕಿಸಿ, ವೈರ್ ಚುಚ್ಚಿ, ಪರೀಕ್ಷೆ ಮಾಡಬೇಕು. ಮಳೆ ಸುರಿಯುತ್ತಿರುವಾಗ, ಮಕ್ಕಳು ಹಸಿದು ಅಳುತ್ತಿರುವಾಗ, "ಇಲ್ಲೇ ಇಪ್ಪತ್ತು ಮೈಲಿ ತಾನೆ" ಎನ್ನಿಸುವಾಗ ಅದು ಡಿಕ್ಕಿಯಲ್ಲೇ ಉಳಿದುಬಿಡುತ್ತದೆ. ಡಿಕ್ಕಿಯಲ್ಲಿರುವ ಬ್ರೇಕ್ ಯಾರನ್ನೂ ಉಳಿಸುವುದಿಲ್ಲ. ಒಂದೇ ಕಾರನ್ನು ವರ್ಷಗಟ್ಟಲೆ ಎಳೆಯುವವರು ದುಡ್ಡು ಹೆಚ್ಚಾದರೂ ಶಾಶ್ವತವಾಗಿ ಕೂರಿಸಿದ್ದನ್ನೇ ಆರಿಸಬೇಕು. ಅದಕ್ಕೆ ಕೇಬಲ್ ಸಿಕ್ಕಿಸಿದರೆ ಸಾಕು. ಕಾರುಗಳನ್ನು ಆಗಾಗ ಬದಲಿಸುವವರಿಗೆ ಪೆಟ್ಟಿಗೆ ಸರಿ, ಆದರೆ ಅದನ್ನು ಬಿಟ್ಟು ಗಾಡಿ ಹೊರಡುವುದಿಲ್ಲ ಎಂಬ ನಿಯಮ ಮನೆಯಲ್ಲಿರಬೇಕು.

ಯಾವುದನ್ನೇ ಕೊಂಡರೂ ಬಿಟ್ಟುಕೊಡಬಾರದ ಎರಡು ಸಂಗತಿಗಳಿವೆ. ಮೊದಲನೆಯದು ಬ್ರೇಕ್‌ಅವೇ ಸ್ವಿಚ್. ಟೋ ಬಾರ್ ಮುರಿದು ಕಾರು ಕಳಚಿಕೊಂಡರೆ ಮೋಟರ್‌ಹೋಮ್‌ಗೆ ಕಟ್ಟಿದ ತಂತಿ ಸ್ವಿಚ್ಚಿನ ಪಿನ್ನನ್ನು ಕೀಳುತ್ತದೆ, ಕಾರು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಎದುರಿನಿಂದ ಬರುವ ಅಪರಿಚಿತ ಕುಟುಂಬಕ್ಕೆ ಇರುವ ರಕ್ಷಣೆ ಅದೊಂದೇ. ಎರಡನೆಯದು, ಹಿಂದಿನ ಬ್ರೇಕ್ ಹಿಡಿದಿದೆಯೋ ಬಿಟ್ಟಿದೆಯೋ ಎಂದು ಚಾಲಕನ ಮುಂದೆ ತೋರಿಸುವ ದೀಪ ಅಥವಾ ಮಾನಿಟರ್. ಹಿಂದಿನ ಬ್ರೇಕ್ ಸಿಕ್ಕಿಕೊಂಡು ಮೈಲಿಗಟ್ಟಲೆ ಉಜ್ಜುತ್ತ ಬಂದರೂ ದೊಡ್ಡ ಗಾಡಿಯ ಚಾಲಕನಿಗೆ ತಿಳಿಯದು. ಬ್ರೇಕ್ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಮಾತ್ರ ಬಳಸುವಾಗ ಕೆಲವು ಪೆಟ್ಟಿಗೆಗಳು ವೇಗ ಕುಗ್ಗಿದ್ದನ್ನೇ ಕಂಡು ಸುಮ್ಮನೆ ಪೆಡಲ್ ಒತ್ತಿ ಹಿಡಿಯುತ್ತವೆ. ಬ್ರೇಕ್ ದೀಪದ ಸಂಕೇತ ಬಂದಾಗ ಮಾತ್ರ ಒತ್ತುವಂಥದ್ದನ್ನು ಕೇಳಿ ಪಡೆಯಬೇಕು.

ಕರ್ನಾಟಕದ ಓದುಗರಿಗೆ ಇದು ದೂರದ ವಿಷಯವಲ್ಲ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುತ್ತದೆ. ಆ ಟ್ರೇಲರ್‌ಗಳಲ್ಲಿ ಸ್ವಂತ ಬ್ರೇಕ್ ಇರುವುದು ಅಪರೂಪ. ಇಳಿಜಾರಿನಲ್ಲಿ ಹೊರೆ ಟ್ರ್ಯಾಕ್ಟರನ್ನೇ ನೂಕುತ್ತದೆ. ಅಲ್ಲೂ ಇಲ್ಲೂ ಕೇಳಬೇಕಾದ್ದು ಒಂದೇ: ಎಳೆಯುವ ಯಂತ್ರಕ್ಕೆ ಎಷ್ಟು ಬಲವಿದೆ ಎಂಬುದಲ್ಲ, ಎಳೆಯಲ್ಪಡುವ ಭಾರ ತನ್ನನ್ನು ತಾನು ನಿಲ್ಲಿಸಿಕೊಳ್ಳಬಲ್ಲದೇ ಎಂಬುದು.

ಅಮೆರಿಕದಲ್ಲಿ ನೆಲೆಸಿ ಮೋಟರ್‌ಹೋಮ್ ಕೊಳ್ಳುವ ಯೋಚನೆಯಲ್ಲಿರುವ ಕನ್ನಡಿಗರು ಬಣ್ಣ, ಸೋಫಾ, ಸೌರಫಲಕ ನೋಡುವ ಮೊದಲು ಎರಡು ಕೈಪಿಡಿಗಳನ್ನು ಓದಲಿ: ಗಾಡಿಯದ್ದು ಮತ್ತು ಎಳೆಯಲಿರುವ ಕಾರಿನದ್ದು. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಲು ಎಷ್ಟೋ ಕಾರುಗಳಿಗೆ ಅನುಮತಿಯೇ ಇಲ್ಲ. ಟೆಸ್ಲಾ ಕಾರುಗಳನ್ನು ಚಕ್ರಗಳು ನೆಲ ಮುಟ್ಟದಂತೆಯೇ ಸಾಗಿಸಬೇಕು. ಎಳೆಯಬಹುದಾದ ಕಾರು ಕೈಯಲ್ಲಿದ್ದರೆ, ಟೋ ಬಾರ್ ಕೊಳ್ಳುವ ದಿನವೇ ಬ್ರೇಕ್, ಬ್ರೇಕ್‌ಅವೇ ಸ್ವಿಚ್, ಮಾನಿಟರ್ ಮೂರನ್ನೂ ಕೊಳ್ಳಿ. ಮೂರಕ್ಕೂ ದುಡ್ಡು ಸಾಲದಿದ್ದರೆ ಅದು ಕೂಡುವವರೆಗೆ ಕಾರನ್ನು ಮನೆಯಲ್ಲೇ ಬಿಟ್ಟು ಹೊರಡಿ.