ಎಬಿಎಸ್ ದೀಪ ಹತ್ತಿದಾಗ

ಹಳದಿ ಎಬಿಎಸ್ ದೀಪ ಹತ್ತಿ ಆರದೇ ಉಳಿದರೆ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಕೆಲಸ ಮಾಡುತ್ತಲೇ ಇರುತ್ತೆ. ಆದ್ರೆ ಗಕ್ಕನೆ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ ಇರಲ್ಲ. ಒದ್ದೆ ರಸ್ತೆಯಲ್ಲಿ ಇದು ಸಣ್ಣ ವಿಷಯವಲ್ಲ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಓಡಿಸಲೇಬೇಡಿ, ಟೋ ಮಾಡಿಸಿ.

ಈ ಮಳೆಗಾಲದಲ್ಲಿ ನನ್ನ ಕಾರಿನಲ್ಲಿ ಹಳದಿ ದೀಪ ಹತ್ತಿತು. ಗ್ಯಾರೇಜಿನ ಸ್ಕ್ಯಾನರ್ ತೋರಿಸಿದ್ದು ಸಿ0035: ಮುಂದಿನ ಎಡಚಕ್ರದ ವೇಗದ ಸೆನ್ಸರ್ ಸರ್ಕ್ಯೂಟ್. (ಅಗ್ಗದ ಬ್ಲೂಟೂತ್ ರೀಡರ್‌ಗಳು ಬಹುಪಾಲು ಎಂಜಿನ್ನಿನ 'ಪಿ' ಕೋಡ್ ಮಾತ್ರ ಓದೋದು, ಕೊಳ್ಳೋ ಮುಂಚೆ ವಿಚಾರಿಸಿ.) "ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕೋಣ" ಅಂದ್ರು. ಕೋಡ್ ಹೇಳಿದ್ದು 'ಸರ್ಕ್ಯೂಟ್' ಅಂತ. ಅದರಲ್ಲಿ ವೈರು, ಕನೆಕ್ಟರ್ ಎಲ್ಲಾ ಸೇರುತ್ತೆ. ಲಾಗ್‌ನಲ್ಲಿ ಟೈಮ್‌ಔಟ್ ಬಂದ ಮಾತ್ರಕ್ಕೆ ನಾವು ಹೊಸ ಸರ್ವರ್ ತರಿಸ್ತೀವಾ?

"ಲೈವ್ ಡೇಟಾ ನೋಡೋಣ" ಅಂದೆ. ಮೆಕ್ಯಾನಿಕ್ ಓಡಿಸಿದರು, ನಾನು ಸ್ಕ್ಯಾನರ್ ಹಿಡಿದು ಕೂತೆ. ನೇರ ರಸ್ತೆಯಲ್ಲಿ ನಾಲ್ಕೂ ಚಕ್ರದ ವೇಗ ಹೆಚ್ಚುಕಮ್ಮಿ ಒಂದೇ. ಹಂಪ್ ಹತ್ತಿದ ಕೂಡಲೇ ಎಡಚಕ್ರ ಮಾತ್ರ ಸೊನ್ನೆಗೆ ಬಿದ್ದು ಮೇಲೆದ್ದಿತು. ಕುಲುಕಿದಾಗಷ್ಟೇ ಸಿಗ್ನಲ್ ಹೋದರೆ ಮೊದಲ ಅನುಮಾನ ಕನೆಕ್ಷನ್ ಮೇಲೆ. ಚಕ್ರ ಬಿಚ್ಚಿ ನೋಡಿದರೆ ಕನೆಕ್ಟರಿನೊಳಗೆ ನೀರು, ಕಾರಿನ ಕಡೆಯ ಪಿನ್ನುಗಳಿಗೆ ಹಸಿರು ಕಿಲುಬು. ಹೊಸ ಸೆನ್ಸರ್ ಹಾಕಿದ್ದರೂ ಅದೇ ಕಿಲುಬಿಗೇ ಸಿಕ್ಕಿಸಬೇಕಿತ್ತು. ಕನೆಕ್ಟರ್ ಬದಲಾಯಿಸಿ, ಕೋಡ್ ಅಳಿಸಿ, ಅದೇ ಹಂಪಿನ ಮೇಲೆ ಮೂರು ಸಲ ಓಡಿಸಿದೆವು. ಸೊನ್ನೆ ಬರಲಿಲ್ಲ.

ಇನ್ನೊಂದು: ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗ ಪೆಡಲ್ ಗಡಗಡ ಅಂದರೆ, ದೀಪ ಹತ್ತದಿದ್ದರೂ ಇದೇ ಪರೀಕ್ಷೆ ಮಾಡಿಸಿ. ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿರಬಹುದು.